ಬೇಸ್ ಗಿಟಾರೂ ಬಾಡಿಗೆಯ ಮಿಕ್ಸರೂ

ಕಾಲೇಜಿನ ವಾರ್ಷಿಕ ಸಂಚಿಕೆಗೆ ಪಂಪನ ಕಾವ್ಯವನ್ನು ಕುರಿತೋ ಪಂಚಾಯತ್ ರಾಜ್ಯವನ್ನು ಕುರಿತೋ ಬರೆಯುವುದು ವಾಡಿಕೆ. ಅಂತಿಮ ಬಿ. ಎ. ತರಗತಿಯಲ್ಲಿ ಇತಿಹಾಸ, ಅರ್ಥಶಾಸ್ತ್ರಗಳನ್ನು ಓದುತ್ತಿರುವ ನಾನು ಅವೆರಡನ್ನೂ ಬಿಟ್ಟು ಬೇಸ್ ಗಿಟಾರಿನ ವಿಚಾರವನ್ನು ಎತ್ತಿಕೊಂಡುದಕ್ಕೆ ಓದುಗರ ಕ್ಷಮೆಯನ್ನು ಮೊದಲೇ ಬೇಡುತ್ತೇನೆ. ಆದರೆ ಕಳೆದ ಕೆಲವು ಕಾಲದಿಂದ ನನ್ನ ನಿದ್ದೆಯನ್ನೂ ಉಳಿತಾಯದ ಒಂದು ಪಾಲನ್ನೂ ನುಂಗಿದ ಪ್ರಶ್ನೆ ಇದೇ ಆಗಿದೆ. ಮೇಲಾಗಿ ನಮ್ಮ ಸಾಂಸ್ಕೃತಿಕ ಸಮಿತಿಯವರು ಸಭಾಂಗಣಕ್ಕೆ ಹೊಸ ಮಿಕ್ಸರ್ ಕೊಳ್ಳುವ ಯೋಚನೆಯಲ್ಲಿದ್ದಾರೆಂದು ಕೇಳಿದ್ದೇನೆ. ಆ ಹಣ ನಮ್ಮೆಲ್ಲರ ಶುಲ್ಕದಿಂದ ಕೂಡಿದ್ದು. ಆದುದರಿಂದ ಇದು ನನ್ನೊಬ್ಬನ ಹುಚ್ಚೆಂದು ಯಾರೂ ತಳ್ಳಿಹಾಕಬಾರದಾಗಿ ಕೋರುತ್ತೇನೆ.

ಪ್ರಶ್ನೆ ಇಷ್ಟೆ. ಬೇಸ್ ಗಿಟಾರಿನ ನಾದವನ್ನು ತಿದ್ದಿ ತೀಡುವುದಕ್ಕೆ ಮಿಕ್ಸರಿನ ಹೊಟ್ಟೆಯೊಳಗೇ ಇರುವ ಎಫೆಕ್ಟುಗಳು ಸಾಕೆ? ಇಲ್ಲವೆ ವಾದಕನು ತನ್ನ ದುಡ್ಡಿನಿಂದ ಪ್ರತ್ಯೇಕ ಪೆಡಲುಗಳನ್ನು ಕೊಂಡು ಹೊತ್ತು ತರಬೇಕೆ? ಹಣವಂತರಿಗೆ ಇದು ಪ್ರಶ್ನೆಯೇ ಅಲ್ಲ. ಎರಡನ್ನೂ ಕೊಂಡು ಬೇಕಾದುದನ್ನು ಬಳಸುತ್ತಾರೆ. ಒಂದನ್ನು ಕೊಂಡರೆ ಇನ್ನೊಂದನ್ನು ಬಿಡಬೇಕಾದವರಿಗೆ ಮಾತ್ರ ಇದು ಪ್ರಶ್ನೆ.

ಬೇಸ್ ಗಿಟಾರ್ ಎಂದರೇನೆಂದು ಕೇಳುವ ಮಿತ್ರರು ನಮ್ಮ ತರಗತಿಯಲ್ಲೇ ಇದ್ದಾರೆ. ಅದು ನಾಲ್ಕು ದಪ್ಪ ತಂತಿಗಳ, ಉದ್ದ ಕತ್ತಿನ ವಾದ್ಯ. 1951ರಲ್ಲಿ ಅಮೆರಿಕದ ಲಿಯೋ ಫೆಂಡರ್ ಎಂಬಾತನು ‘ಪ್ರಿಸಿಷನ್ ಬೇಸ್’ ಎಂಬ ಹೆಸರಿನಲ್ಲಿ ಅದನ್ನು ಮಾರುಕಟ್ಟೆಗೆ ತಂದ ಮೇಲೆ ಆಳೆತ್ತರದ ಡಬಲ್ ಬೇಸನ್ನು ಹೊತ್ತು ತಿರುಗುವ ಕಷ್ಟ ಅನೇಕ ವಾದಕರಿಗೆ ತಪ್ಪಿತು. ಅದರ ಅತಿ ಕೆಳಗಿನ ಇ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಸಾಮಾನ್ಯ ಗಿಟಾರಿನ ಕೆಳತಂತಿಯದು ಇದರ ಇಮ್ಮಡಿ, ಅಂದರೆ 82. ಸಭೆಯಲ್ಲಿ ಕುಳಿತವರು ಬೇಸನ್ನು ಬಹಳ ಚೆನ್ನಾಗಿ ಕೇಳಿದೆವೆಂದು ಎಂದೂ ಹೇಳುವುದಿಲ್ಲ. ಅಂಗಿ ಹರಿದಾಗಲೇ ಹೊಲಿಗೆಯ ನೆನಪಾಗುವಂತೆ, ಅದು ಕೆಟ್ಟಾಗ ಮಾತ್ರ ಹಾಡಿನಲ್ಲಿ ಏನೋ ಹೋಯಿತೆನ್ನುತ್ತಾರೆ. 1981ರ ‘ಗೀತಾ’, 1983ರ ‘ಪಲ್ಲವಿ ಅನುಪಲ್ಲವಿ’ ಚಿತ್ರಗಳಿಗೆ ಇಳಯರಾಜಾ ಅವರು ಕೊಟ್ಟ ಸಂಗೀತವನ್ನು ಒಮ್ಮೆ ಕಿವಿಗೊಟ್ಟು ಕೇಳಿದರೆ ಬೇಸಿನ ಸಾಲು ತಾನೇ ಒಂದು ರಾಗವಾಗಿ, ಗಾಯಕರ ಜೊತೆಗೆ ಇನ್ನೊಂದು ದನಿಯಾಗಿ ನಡೆಯುವುದು ತಿಳಿಯುತ್ತದೆ.

ನಾನು ಪ್ರಥಮ ಬಿ. ಎ. ತರಗತಿಯಲ್ಲಿದ್ದಾಗಿನಿಂದ ನಮ್ಮ ತಾಲ್ಲೂಕಿನ ಒಂದು ಆರ್ಕೆಸ್ಟ್ರಾದಲ್ಲಿ ಈ ವಾದ್ಯವನ್ನು ನುಡಿಸುತ್ತ ಬಂದಿದ್ದೇನೆ. ಬೆಂಗಳೂರಿಗೆ ಕೆಲಸಕ್ಕೆ ಹೊರಟ ಹಿಂದಿನ ವಾದಕನಿಂದ 6,500 ರೂಪಾಯಿಗೆ, ಕಂತಿನ ಮೇಲೆ, ಹಳೆಯ ಗಿಟಾರನ್ನು ಪಡೆದೆ. ಗಣೇಶನ ಹಬ್ಬ, ರಾಜ್ಯೋತ್ಸವ, ಜಾತ್ರೆ, ಮದುವೆಯ ಆರತಕ್ಷತೆಗಳಲ್ಲಿ ನುಡಿಸಿದ್ದಕ್ಕೆ ರಾತ್ರಿಯೊಂದಕ್ಕೆ 900 ರೂಪಾಯಿ ಸಿಗುತ್ತದೆ. ನನ್ನ ತಂದೆ ಎ.ಪಿ.ಎಂ.ಸಿ. ಯಾರ್ಡಿನಲ್ಲಿ ಹಮಾಲಿ. ತಾಯಿ ಕೂಲಿಗೆ ಹೋಗುತ್ತಾರೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲನೆಯವನು. ಪುಸ್ತಕ, ಬಸ್ ಪಾಸು, ಪರೀಕ್ಷಾ ಶುಲ್ಕ ಇವೆಲ್ಲವೂ ಈ ನಾಲ್ಕು ತಂತಿಗಳಿಂದಲೇ ಹುಟ್ಟಬೇಕು. ಅಷ್ಟರಲ್ಲೇ ಮುಂದೆ ಎಂ. ಎ. ಓದಲೆಂದು ಮೂರು ವರ್ಷಗಳಲ್ಲಿ 14,000 ರೂಪಾಯಿ ಉಳಿಸಿದ್ದೆ. ಆ ಹಣಕ್ಕೂ ಈ ಪ್ರಶ್ನೆಗೂ ಗಂಟು ಬಿದ್ದುದು ಹೇಗೆಂದು ಹೇಳುತ್ತೇನೆ.

2024ರ ಗಣೇಶೋತ್ಸವದಲ್ಲಿ ಪಕ್ಕದ ಊರಿನಲ್ಲೊಂದು ಕಾರ್ಯಕ್ರಮವಿತ್ತು. ನಾನು ಎಂದಿನಿಂದ ಬಳಸುತ್ತಿದ್ದ ಸಣ್ಣ ಆಂಪ್ಲಿಫೈಯರ್ ಅಂದು ಸಂಜೆಯೇ ಕೆಟ್ಟು ಕುಳಿತಿತು. ಗಿಟಾರಿಗೆ ಎರಡು ಕೇಬಲುಗಳನ್ನು ಗಂಟುಹಾಕಿ, ವೇದಿಕೆಯಿಂದ ಮೂವತ್ತು ಅಡಿ ದೂರದಲ್ಲಿದ್ದ ಮಿಕ್ಸರಿಗೆ ನೇರವಾಗಿ ಜೋಡಿಸಿದೆವು. ಸೌಂಡ್ ಸಿಸ್ಟಂನ ಅಣ್ಣ ಒಳ್ಳೆಯವನು. ಧ್ವನಿ ಪರೀಕ್ಷೆ ಮಾಡುವಾಗ, “ನಿನ್ನ ಬೇಸು ಸತ್ತಂಗೈತಿ ತಮ್ಮಾ, ಒಂದೀಟು ಎಕೋ ಹಾಕ್ತೀನಿ ತಡಿ” ಎಂದು ಗುಂಡಿ ತಿರುಗಿಸಿದ. ಖಾಲಿ ಪೆಂಡಾಲಿನಲ್ಲಿ ನನ್ನ ಒಂದೊಂದು ಮೀಟೂ ದೇವಸ್ಥಾನದ ಗಂಟೆಯಂತೆ ತುಂಬಿಕೊಂಡು ಕೇಳಿಸಿತು. ನನಗೆ ಹೆಮ್ಮೆಯೇ ಆಯಿತು.

ಕಾರ್ಯಕ್ರಮ ಆರಂಭವಾಗಿ ಮೂರನೆಯ ಹಾಡಿಗೆ ಬಂದಾಗ ಆ ಹೆಮ್ಮೆ ಇಳಿಯಿತು. ಅದು ‘ಗೀತಾ’ ಚಿತ್ರದ ಹಾಡು. ಬೇಸು ಬಿಡುವಿಲ್ಲದೆ ಓಡಬೇಕು. ನಾನು ಒಂದು ಸ್ವರವನ್ನು ಬಿಟ್ಟು ಮುಂದಿನದಕ್ಕೆ ಹೋದರೂ ಹಿಂದಿನದು ಧ್ವನಿವರ್ಧಕದಲ್ಲಿ ಉಳಿದೇ ಇತ್ತು. ನಾಲ್ಕು ಸ್ವರಗಳು ಒಂದರ ಮೇಲೊಂದು ಬಿದ್ದು ಗುಡುಗಿನಂತಹ ಗದ್ದಲವಾಯಿತು. ರಿದಂ ಪ್ಯಾಡಿನವನಿಗೆ ತಾಳ ಸಿಗಲಿಲ್ಲ. ಗಾಯಕಿ ಎರಡನೆಯ ಚರಣಕ್ಕೆ ಅರ್ಧ ಮಾತ್ರೆ ತಡವಾಗಿ ಬಂದಳು. ಮುಂದಿನ ಸಾಲಿನ ಹುಡುಗರು ಸಿಳ್ಳೆ ಹಾಕಿದರು. ಕೊನೆಗೆ ಸಂಘಟಕರು ಮಾತಾಡಿದ ಹಣದಲ್ಲಿ 2,000 ರೂಪಾಯಿ ಹಿಡಿದುಕೊಂಡರು. ನಮ್ಮ ಮುಖ್ಯಸ್ಥರು ಅದರಲ್ಲಿ 900ನ್ನು ನನ್ನ ಲೆಕ್ಕಕ್ಕೆ ಬರೆದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಆ ಅಣ್ಣನ ಮೇಲೂ ಇಲ್ಲ. ಅಜ್ಞಾನ ನನ್ನದು. ಆದರೆ ಅಜ್ಞಾನಕ್ಕೆ ದಂಡ ತೆತ್ತವನು ಅದರ ಕಾರಣವನ್ನಾದರೂ ತಿಳಿಯಬೇಕಲ್ಲವೆ? ಮರುದಿನದಿಂದ ಕೈಗೆ ಸಿಕ್ಕ ಪುಸ್ತಿಕೆಗಳನ್ನು ಓದಿದೆ, ತಿಳಿದವರನ್ನು ಕೇಳಿದೆ, ಬಿಡುವಿನಲ್ಲಿ ಆ ಅಣ್ಣನ ಮನೆಗೇ ಹೋಗಿ ಅವನ ಮಿಕ್ಸರನ್ನು ಮುಟ್ಟಿ ನೋಡಿದೆ. ತಿಳಿದುದನ್ನು ಇಲ್ಲಿ ನಿವೇದಿಸುತ್ತೇನೆ.

ಸಾಮಾನ್ಯವಾದ ಸಣ್ಣ ಮಿಕ್ಸರಿನಲ್ಲಿ ಎಫೆಕ್ಟು ಮಾಡುವ ಯಂತ್ರ ಒಂದೇ ಒಂದು. ಪ್ರತಿಯೊಂದು ಧ್ವನಿಮಾರ್ಗಕ್ಕೂ ಒಂದೊಂದು ಗುಂಡಿಯಿದ್ದು, ಅದನ್ನು ತಿರುಗಿಸಿದಷ್ಟು ಪಾಲು ಆ ಒಂದೇ ಯಂತ್ರಕ್ಕೆ ಹೋಗಿ, ಅಲ್ಲಿಂದ ಎಫೆಕ್ಟಾಗಿ ಹೊರಬಂದು ಮೂಲಧ್ವನಿಯೊಡನೆ ಬೆರೆಯುತ್ತದೆ. ಯಮಾಹಾ ಎಂಜಿ10ಎಕ್ಸ್‌ಯು ಎಂಬ ಪುಟ್ಟ ಮಿಕ್ಸರಿನಲ್ಲಿ 24 ಬಗೆಯ ಎಫೆಕ್ಟುಗಳಿವೆ. ಆದರೆ ಒಂದು ಹೊತ್ತಿಗೆ ನಡೆಯುವುದು ಅವುಗಳಲ್ಲಿ ಒಂದೇ. ಗಾಯಕಿಗೆಂದು ದೊಡ್ಡ ಸಭಾಂಗಣದ ರಿವರ್ಬನ್ನು ಆರಿಸಿದರೆ ಬೇಸಿಗೂ ಅದೇ, ಕೊಳಲಿಗೂ ಅದೇ. ಇಡೀ ಊರಿಗೆ ಒಂದೇ ಅಳತೆಯ ಅಂಗಿ ಹೊಲಿಸಿದಂತೆ.

ಇದನ್ನು ಹೀಗಳೆಯುವ ಉದ್ದೇಶ ನನ್ನದಲ್ಲ. ಮಿಕ್ಸರಿನ ರಿವರ್ಬಿಲ್ಲದೆ ಬಯಲಿನಲ್ಲಿ ಹಾಡುವ ಗಾಯಕರ ದನಿ ಒಣಗಿದ ರೊಟ್ಟಿಯಂತೆ ಕೇಳಿಸುತ್ತದೆ. ಅದಕ್ಕೆ ಬೇರೆ ಖರ್ಚಿಲ್ಲ, ಬೇರೆ ತಂತಿಗಳಿಲ್ಲ, ಹೊರುವ ಭಾರವಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಅದನ್ನು ತಿರುಗಿಸುವವನು ಜನರ ನಡುವೆ ಕುಳಿತಿರುತ್ತಾನೆ. ವೇದಿಕೆಯ ಮೇಲೆ ನಿಂತ ನನಗೆ ಕೇಳಿಸದುದು ಅವನಿಗೆ ಕೇಳಿಸುತ್ತದೆ. ಪೆಂಡಾಲು ತುಂಬಿದಾಗ ಎಷ್ಟು ಬೇಕು, ಖಾಲಿಯಾದಾಗ ಎಷ್ಟು ಸಾಕು ಎಂಬುದನ್ನು ಬಲ್ಲವನು ಅವನೇ. ಆದುದರಿಂದ ‘ಮಿಕ್ಸರಿನ ಎಫೆಕ್ಟು ಕೀಳು, ಹೊರಗಿನದು ಮೇಲು’ ಎಂದು ಕೆಲವು ವಾದಕ ಮಿತ್ರರು ಆಡುವ ಮಾತನ್ನು ನಾನು ಒಪ್ಪುವುದಿಲ್ಲ. ಬೇಸಿಗೆ ಅದು ಒಗ್ಗುವುದೇ ಎಂಬುದಷ್ಟೇ ನನ್ನ ವಿಚಾರ.

ಒಗ್ಗದು ಎಂಬುದಕ್ಕೆ ಮೂರು ಕಾರಣಗಳನ್ನು ಕೊಡುತ್ತೇನೆ. ಮೊದಲನೆಯದು ಕಾಲದ ಲೆಕ್ಕ. ನಿಮಿಷಕ್ಕೆ 120 ತಾಳದ ಹಾಡಿನಲ್ಲಿ ಒಂದು ತಾಳಕ್ಕೆ ಅರ್ಧ ಸೆಕೆಂಡು. ರಿವರ್ಬಿನ ಬಾಲ ಎರಡು ಸೆಕೆಂಡು ಉಳಿಯುವುದಾದರೆ ನಾನು ಮೀಟಿದ ಸ್ವರ ಮುಂದಿನ ನಾಲ್ಕು ತಾಳಗಳ ಮೇಲೆ ಹರಡಿಕೊಳ್ಳುತ್ತದೆ. ಗಾಯಕಿಯ ತಾರಸ್ಥಾಯಿಯಲ್ಲಿ ಈ ಬಾಲ ಸೆರಗಿನಂತೆ ಚೆಲುವಾಗಿರುತ್ತದೆ. ಕೆಳಗಿನ ಸ್ಥಾಯಿಯಲ್ಲಿ ಅದು ಕೆಸರು. ಅಂದು ರಾತ್ರಿ ನನಗಾದದ್ದು ಇದೇ.

ಎರಡನೆಯದು ಎಫೆಕ್ಟಿನ ಜಾತಿಭೇದ. ಬೇಸಿಗೆ ನಿಜವಾಗಿ ಬೇಕಾದುದು ರಿವರ್ಬಲ್ಲ, ಕಂಪ್ರೆಸರ್. ಬೆರಳು ಒಮ್ಮೆ ಗಟ್ಟಿಯಾಗಿ, ಒಮ್ಮೆ ಮೆತ್ತಗೆ ಮೀಟಿದಾಗ ಬರುವ ಏರಿಳಿತವನ್ನು ಅದು ತಗ್ಗಿಸುತ್ತದೆ. ನಾಲ್ಕಕ್ಕೆ ಒಂದರ ಪ್ರಮಾಣದಲ್ಲಿ ಇಟ್ಟರೆ, ಗೊತ್ತುಪಡಿಸಿದ ಮಟ್ಟವನ್ನು ನಾದ ನಾಲ್ಕು ಡೆಸಿಬೆಲ್ ಮೀರಿದಾಗ ಹೊರಗೆ ಒಂದು ಡೆಸಿಬೆಲ್ ಮಾತ್ರ ಮೀರಲು ಬಿಡುತ್ತದೆ. ಇದು ಮೂಲಧ್ವನಿಯನ್ನೇ ಬದಲಿಸುವ ಕೆಲಸ. ಮಿಕ್ಸರಿನ ಎಫೆಕ್ಟು ಗುಂಡಿಯಾದರೋ ಮೂಲವನ್ನು ಮುಟ್ಟದೆ ಮೇಲಿಂದ ಬೆರೆಸುವ ಏರ್ಪಾಟು. ಅನ್ನಕ್ಕೆ ಸಾರು ಬೆರೆಸುವುದು ಬೇರೆ, ಬೇಯಿಸುವ ಮುಂಚೆ ಅಕ್ಕಿಯನ್ನೇ ಹುರಿದುಕೊಳ್ಳುವುದು ಬೇರೆ. ರಿವರ್ಬು ಸಾರು. ಕಂಪ್ರೆಸರೂ ಓವರ್‌ಡ್ರೈವೂ ಹುರಿಯುವ ಕೆಲಸ. ಅವು ಗಿಟಾರಿಗೂ ಮಿಕ್ಸರಿಗೂ ನಡುವೆ, ದಾರಿಯಲ್ಲೇ ಕುಳಿತಿರಬೇಕು. ಕೆಲವು ಮಿಕ್ಸರುಗಳಲ್ಲಿ ಒಂದೆರಡು ಮೈಕು ಮಾರ್ಗಗಳಿಗೆ ಒಂದೇ ಗುಂಡಿಯ ಕಂಪ್ರೆಸರ್ ಇರುವುದುಂಟು. ಆದರೆ ಆ ಮಾರ್ಗಗಳು ಗಾಯಕರಿಗೆ ಮೀಸಲಾಗಿರುತ್ತವೆ. ಬೇಸಿನವನಿಗೆ ಉಳಿಯುವುದು ಕೊನೆಯ ಮಾರ್ಗ.

ಮೂರನೆಯದನ್ನು ಬಹುಮಂದಿ ಗಮನಿಸುವುದೇ ಇಲ್ಲ. ಬ್ಯಾಟರಿಯಿಲ್ಲದ ಹಳೆಯ ಮಾದರಿಯ ಗಿಟಾರಿನಿಂದ ಹೊರಡುವ ವಿದ್ಯುತ್ ಸಂಕೇತ ಬಲು ದುರ್ಬಲ. ಅದಕ್ಕೆ ಸುಮಾರು ಹತ್ತು ಲಕ್ಷ ಓಮ್ ತಡೆಯುಳ್ಳ ದ್ವಾರ ಬೇಕು. ಮಿಕ್ಸರಿನ ಸಾಮಾನ್ಯ ಲೈನ್ ದ್ವಾರದ ತಡೆ ಸುಮಾರು ಹತ್ತು ಸಾವಿರ ಓಮ್ ಮಾತ್ರ. ಸಣ್ಣ ಒರತೆಯಿಂದ ಬೊಗಸೆಯಲ್ಲಿ ನೀರು ತುಂಬಿಕೊಳ್ಳಬಹುದು. ಪಂಪು ಹಚ್ಚಿ ಎಳೆದರೆ ಒರತೆಯೇ ಬತ್ತುತ್ತದೆ. ಮೇಲಿನ ಸ್ವರಾಂಶಗಳು ಸತ್ತು ನಾದ ಮಂಕಾಗುತ್ತದೆ. ಅಂದು ನನ್ನ ಬೇಸು ‘ಸತ್ತಂತೆ’ ಆ ಅಣ್ಣನಿಗೆ ಕೇಳಿಸಿದ್ದು ಈ ಕಾರಣದಿಂದ. ರೋಗ ದ್ವಾರದಲ್ಲಿತ್ತು. ನಾವು ಎಕೋ ಎಂಬ ಮದ್ದನ್ನು ಅರೆದು ಕುಡಿಸಿದೆವು.

ಹಾಗಾದರೆ ಹೊರಗಿನ ಪೆಡಲುಗಳಿಗೇ ಜಯವೆನ್ನೋಣವೆ? ಅವುಗಳ ಚರಿತ್ರೆಯೇ ಒಂದು ಸ್ವಾರಸ್ಯ. ಅಮೆರಿಕದ ನ್ಯಾಶ್‌ವಿಲ್ ನಗರದ ಸ್ಟುಡಿಯೋವೊಂದರಲ್ಲಿ ಮಾರ್ಟಿ ರಾಬಿನ್ಸ್ ಎಂಬ ಗಾಯಕನ ಹಾಡನ್ನು ಮುದ್ರಿಸುತ್ತಿದ್ದಾಗ, ಗ್ರೇಡಿ ಮಾರ್ಟಿನ್ ನುಡಿಸುತ್ತಿದ್ದ ಆರು ತಂತಿಯ ಬೇಸ್ ಸಾಗಿದ ಮಿಕ್ಸರಿನ ಮಾರ್ಗ ಕೆಟ್ಟುಹೋಗಿತ್ತು. ನಾದ ಜೇನ್ನೊಣದಂತೆ ಗೊಗ್ಗರವಾಗಿ ಬಂದಿತು. ಅದನ್ನು ತೆಗೆದುಹಾಕದೆ ಹಾಗೆಯೇ ಉಳಿಸಿಕೊಂಡರು. 1961ರಲ್ಲಿ ಹೊರಬಂದ ಆ ಹಾಡು ಜನಪ್ರಿಯವಾಯಿತು. ಗ್ಲೆನ್ ಸ್ನಾಡಿ ಎಂಬ ಧ್ವನಿ ತಂತ್ರಜ್ಞನು ಕೆಟ್ಟ ಮಿಕ್ಸರಿನ ಆ ದನಿಯನ್ನೇ ಸಣ್ಣ ಪೆಟ್ಟಿಗೆಯೊಂದರಲ್ಲಿ ಹುಟ್ಟಿಸುವ ಉಪಾಯ ಕಂಡುಕೊಂಡನು. ಗಿಬ್ಸನ್ ಕಂಪನಿಯವರು 1962ರಲ್ಲಿ ಅದನ್ನು ‘ಮೇಸ್ಟ್ರೋ ಫಜ್ ಟೋನ್’ ಎಂದು ಮಾರಿದರು. ಅಂದರೆ ಇಂದು ಮಿಕ್ಸರಿಗೆ ಪ್ರತಿಸ್ಪರ್ಧಿಯೆಂದು ನಾವು ಭಾವಿಸಿರುವ ಪೆಡಲು ಹುಟ್ಟಿದ್ದೇ ಮಿಕ್ಸರಿನ ಬಸಿರಿನಲ್ಲಿ, ಅದೂ ಬೇಸಿನ ನಾದದಿಂದ! ಮುಂದೆ 1972ರಲ್ಲಿ ಬಂದ ‘ಮ್ಯೂಟ್ರಾನ್ 3’ ಎಂಬ ಪೆಟ್ಟಿಗೆ ಬೆರಳಿನ ಬಲಕ್ಕೆ ತಕ್ಕಂತೆ ನಾದದ ಬಾಯಿ ತೆರೆದು ಮುಚ್ಚುವಂತೆ ಮಾಡಿತು. ಬೂಟ್ಸಿ ಕಾಲಿನ್ಸ್ ಎಂಬ ಬೇಸ್ ವಾದಕ ಅದರಿಂದಲೇ ತನ್ನ ಗುರುತು ಮೂಡಿಸಿದ. ದೂರದಲ್ಲಿ ಕುಳಿತವನ ಗುಂಡಿಯಿಂದ ಇಂಥದು ಸಾಧ್ಯವಾಗದು. ಬೆರಳಿಗೂ ಎಫೆಕ್ಟಿಗೂ ನಡುವೆ ಮೂರನೆಯವನು ಇರಬಾರದು.

ಆದರೆ ಇದೇ ಕಾಲದಲ್ಲಿ ಡೆಟ್ರಾಯಿಟ್ ನಗರದ ಮೋಟೌನ್ ಸ್ಟುಡಿಯೋದಲ್ಲಿ ಜೇಮ್ಸ್ ಜೇಮರ್ಸನ್ ಎಂಬಾತನು ತೋರುಬೆರಳೊಂದರಿಂದಲೇ ಫೆಂಡರ್ ಬೇಸನ್ನು ಮೀಟುತ್ತಿದ್ದ. ಆತನ ಬೇಸು ತಕ್ಕ ದ್ವಾರದ ಮೂಲಕ ನೇರವಾಗಿ ಮಿಕ್ಸರಿಗೆ ಹೋಗುತ್ತಿತ್ತು. ಕಾಲ ಕೆಳಗೆ ಪೆಡಲುಗಳ ಸಾಲಿರಲಿಲ್ಲ. 1983ರಲ್ಲಿ ತೀರಿಕೊಂಡ ಆತನನ್ನು ಇಂದಿಗೂ ಬೇಸ್ ವಾದಕರು ಗುರುವೆಂದು ನೆನೆಯುತ್ತಾರೆ. ಆದುದರಿಂದ ಪೆಡಲಿಲ್ಲದೆ ಬೇಸಿಲ್ಲ ಎಂಬ ವಾದವೂ ನಿಲ್ಲದು. ಕುಣಿಯಲಾರದವಳು ನೆಲ ಡೊಂಕೆಂದಂತೆ, ಬೆರಳು ಪಳಗದವನು ಪೆಡಲಿಲ್ಲವೆಂದು ಗೊಣಗುವುದನ್ನು ನಾನೂ ಮಾಡಿದ್ದೇನೆ, ನನ್ನ ಮಿತ್ರರೂ ಮಾಡಿದ್ದಾರೆ.

ಹೊರಗಿನ ಎಫೆಕ್ಟುಗಳ ಕಷ್ಟವೂ ಕಡಮೆಯದಲ್ಲ. ಪರಿಚಿತ ವಾದಕನೊಬ್ಬ ಏಳು ಪೆಡಲುಗಳನ್ನು ಹಲಗೆಯೊಂದಕ್ಕೆ ಬಿಗಿದು ತರುತ್ತಾನೆ. ಏಳು ಪೆಡಲಿಗೆ ಎಂಟು ಜೋಡಣೆಯ ಕೇಬಲು, ಒಂಬತ್ತು ವೋಲ್ಟಿನ ವಿದ್ಯುತ್ತಿಗೆ ಇನ್ನೊಂದು ಗೊಂಚಲು. ಒಂದು ಸಡಿಲವಾದರೆ ಇಡೀ ಸಾಲು ಮೂಕ. ಇದರ ಜೊತೆಗೆ ಗುಂಯ್‌ಗುಡುವ ಸದ್ದು. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 50 ಸಲ ಕಂಪಿಸುತ್ತದೆ. ಬೇಸಿನ ಇ ತಂತಿಯ ಮೂರನೆಯ ಮನೆಯಲ್ಲಿ ಹುಟ್ಟುವ ಜಿ ಸ್ವರದ ಕಂಪನ 49. ಕರೆಂಟಿನ ಸದ್ದೂ ನನ್ನ ಸ್ವರವೂ ಹೀಗೆ ಅಕ್ಕಪಕ್ಕದ ಮನೆಯವರು! ಸೀರಿಯಲ್ ದೀಪಗಳೂ ಜನರೇಟರೂ ಇರುವ ಪೆಂಡಾಲಿನಲ್ಲಿ ಈ ಕಾಟ ಹೇಳತೀರದು. ಇದನ್ನು ತಪ್ಪಿಸಲು ಕೆಲವರು ಪ್ಲಗ್ಗಿನ ಅರ್ಥ್ ಪಿನ್ನನ್ನೇ ಕಿತ್ತುಹಾಕುತ್ತಾರೆ. ದಯವಿಟ್ಟು ಯಾರೂ ಹಾಗೆ ಮಾಡಬಾರದು. ಸದ್ದು ಹೋಗುವುದರ ಜೊತೆಗೆ ಪ್ರಾಣವೂ ಹೋದೀತು.

ಇನ್ನು ಬೆಲೆ. ನಾನು ಅಂಗಡಿಯಲ್ಲಿ ಕೇಳಿದ ಒಂದು ಒಳ್ಳೆಯ ಪೆಡಲಿನ ಬೆಲೆ ನನ್ನ ಹತ್ತು ರಾತ್ರಿಗಳ ಸಂಪಾದನೆಯನ್ನು ಮೀರುತ್ತಿತ್ತು. ಎಲ್ಲವೂ ಒಂದರಲ್ಲೇ ಇರುವ ಮಲ್ಟಿ ಎಫೆಕ್ಟು ಯಂತ್ರ ಕಣ್ಣಿಗೆ ಹಬ್ಬ. ಅದನ್ನು ಕೊಂಡರೆ ನನ್ನ 14,000ದಲ್ಲಿ ಎಂ. ಎ. ಪ್ರವೇಶಕ್ಕೆ ಉಳಿಯುವುದು ಬಸ್ಸಿನ ಚಾರ್ಜು ಮಾತ್ರ. ಎರಡು ರಾತ್ರಿ ನಿದ್ದೆ ಬರಲಿಲ್ಲ. ಮೂರನೆಯ ದಿನ ಊಟಕ್ಕೆ ಕುಳಿತಾಗ ಅಪ್ಪನ ಮುಂದೆ ಎಲ್ಲವನ್ನೂ ಹೇಳಿದೆ. ಕಂಪ್ರೆಸರ್, ರಿವರ್ಬು ಎಂಬ ಹೆಸರುಗಳು ಅವರಿಗೆ ತಿಳಿಯವು. ಆದರೆ ಯಾವುದು ಊರಿನದು, ಯಾವುದು ತನ್ನದು ಎಂಬ ಪ್ರಶ್ನೆ ತಕ್ಷಣ ತಿಳಿಯಿತು. ಗೂಡಿನಲ್ಲಿದ್ದ ತಮ್ಮ ಕಬ್ಬಿಣದ ಕೊಕ್ಕೆಯನ್ನು ತೋರಿಸಿ, “ತಕ್ಕಡಿ ದಲ್ಲಾಲಿ ಅಂಗಡೀದು, ಚೀಲ ರೈತರದು, ಕೊಕ್ಕೆ ಮಾತ್ರ ನಂದು. ಇನ್ನೊಬ್ಬರ ಕೊಕ್ಕೆ ಹಿಡಿದು ಚೀಲ ಎತ್ತಿದ್ರೆ ಕೈ ತಪ್ಪತೈತಿ” ಎಂದರು. ನಾನು ಗೆದ್ದೆನೆಂದುಕೊಂಡು ಮಲ್ಟಿ ಎಫೆಕ್ಟಿನ ಬೆಲೆ ಹೇಳಲು ಬಾಯಿ ತೆರೆಯುವಷ್ಟರಲ್ಲಿ, “ಹಂಗಂತ ಹತ್ತು ಕೊಕ್ಕೆ ಸೊಂಟಕ್ಕೆ ಸಿಗಿಸ್ಕೊಂಡು ಯಾವನೂ ಯಾರ್ಡಿಗೆ ಹೋಗಲ್ಲ” ಎಂದು ಮುದ್ದೆ ಮುರಿದರು.

ನನ್ನ ಅಭಿಪ್ರಾಯ ಅಂದೇ ಗಟ್ಟಿಯಾಯಿತು. ಕೋಣೆಯ ಭಾವವನ್ನು ಕೊಡುವ ಎಫೆಕ್ಟುಗಳು, ಅಂದರೆ ರಿವರ್ಬು, ಡಿಲೇ ಮೊದಲಾದುವು, ಸ್ಥಳಕ್ಕೆ ಸೇರಿದವು. ಅವು ಮಿಕ್ಸರಿನಲ್ಲೇ ಇರಲಿ, ಅಲ್ಲಿ ಕುಳಿತವನ ವಿವೇಕಕ್ಕೆ ಬಿಟ್ಟದ್ದು. ಬೇಸಿನ ಪಾಲಿಗೆ ಅವುಗಳ ಗುಂಡಿ ಸೊನ್ನೆಯಲ್ಲೇ ಇರಲಿ. ಬೆರಳಿಗೆ ಸಂಬಂಧಿಸಿದ ಎಫೆಕ್ಟುಗಳು, ಅಂದರೆ ಕಂಪ್ರೆಸರ್, ಓವರ್‌ಡ್ರೈವ್, ಫಿಲ್ಟರ್ ಮೊದಲಾದುವು, ವಾದಕನಿಗೆ ಸೇರಿದವು. ಅವು ಅವನ ಕಾಲ ಬಳಿ ಇರಬೇಕು. ಮತ್ತು ಇವೆರಡಕ್ಕೂ ಮುಂಚೆ, ಎಫೆಕ್ಟೇ ಅಲ್ಲದ ಒಂದು ಪೆಟ್ಟಿಗೆ ಬೇಕು. ಅದನ್ನು ಡಿ. ಐ. ಎನ್ನುತ್ತಾರೆ. ಗಿಟಾರಿನ ದುರ್ಬಲ ಸಂಕೇತವನ್ನು ತಕ್ಕ ದ್ವಾರದಿಂದ ಬರಮಾಡಿಕೊಂಡು, ಮೈಕಿನ ಕೇಬಲಿನಲ್ಲಿ ನೂರು ಅಡಿ ದೂರವಾದರೂ ಮಂಕಾಗದಂತೆ ಮಿಕ್ಸರಿಗೆ ತಲುಪಿಸುವ ಕೆಲಸ ಅದರದು. ಅದರಲ್ಲಿನ ಒಂದು ಸಣ್ಣ ಸ್ವಿಚ್ಚು ಕೇಬಲಿನ ನೆಲಸಂಪರ್ಕವನ್ನು ಮಾತ್ರ ಬಿಡಿಸಿ, ಪ್ಲಗ್ಗಿನ ಅರ್ಥನ್ನು ಮುಟ್ಟದೆ, ಅನೇಕ ವೇಳೆ ಗುಂಯ್ಗುಡುವುದನ್ನು ನಿಲ್ಲಿಸುತ್ತದೆ.

ನಾನು 2,400 ರೂಪಾಯಿಗೆ ಡಿ. ಐ. ಕೊಂಡೆ, 3,200ಕ್ಕೆ ಒಬ್ಬರು ಬಳಸಿದ್ದ ಕಂಪ್ರೆಸರ್ ಕೊಂಡೆ. 8,400 ರೂಪಾಯಿ ಅಂಚೆ ಕಚೇರಿಯ ಖಾತೆಯಲ್ಲೇ ಉಳಿಯಿತು. 2024ರ ರಾಜ್ಯೋತ್ಸವದ ರಾತ್ರಿ ಅದೇ ಅಣ್ಣನ ಮಿಕ್ಸರು, ಅದೇ ‘ಗೀತಾ’ ಚಿತ್ರದ ಹಾಡು. ಹಾಡು ಮುಗಿದಾಗ ಅವನು ದೂರದಿಂದಲೇ ಹೆಬ್ಬೆರಳು ಎತ್ತಿ ತೋರಿಸಿದ.

ಇಲ್ಲಿಗೇ ನಿಲ್ಲಿಸಿದರೆ ಪೂರ್ಣ ಸತ್ಯ ಹೇಳಿದಂತಾಗದು. 2025ರ ಜನವರಿಯಲ್ಲಿ ಜಾತ್ರೆಯೊಂದರಲ್ಲಿ ಕಂಪ್ರೆಸರಿನ ಅಡಾಪ್ಟರು ಸುಟ್ಟುಹೋಯಿತು. ಎರಡು ಹಾಡುಗಳ ನಡುವೆ ಅದನ್ನು ಕಿತ್ತು, ಗಿಟಾರನ್ನು ನೇರವಾಗಿ ಡಿ. ಐ. ಪೆಟ್ಟಿಗೆಗೆ ಸೇರಿಸಿದೆ. ಮಿಕ್ಸರಿನಿಂದಲೇ ಬರುವ 48 ವೋಲ್ಟಿನಿಂದ ನಡೆಯುವ ಅದಕ್ಕೆ ಅಡಾಪ್ಟರಿನ ಹಂಗಿರಲಿಲ್ಲ. ಉಳಿದ ರಾತ್ರಿಯೆಲ್ಲ ಕಂಪ್ರೆಸರಿಲ್ಲದೆ ನುಡಿಸಿದೆ. ಯಾರೂ ಗಮನಿಸಲಿಲ್ಲ. ಗಮನಿಸಿದ್ದು ನನ್ನ ಬೆರಳು ಮಾತ್ರ. ಮೀಟು ಮೀಟನ್ನೂ ಅಳೆದು ಹಾಕಬೇಕಾಗಿ ಬಂದು ಬೆಳಗಿನ ಹೊತ್ತಿಗೆ ಊದಿಕೊಂಡಿತ್ತು. ಆಗ ನನಗೆ ಅನ್ನಿಸಿತು: 3,200 ರೂಪಾಯಿಯಲ್ಲಿ ನಾನು ಕೊಂಡದ್ದು ಬೆರಳಿಗೆ ಒಂದಿಷ್ಟು ವಿಶ್ರಾಂತಿಯನ್ನು. ಅದೂ ಬೇಕಾದುದೇ. ಆದರೆ 2,400ರಲ್ಲಿ ಕೊಂಡದ್ದು ನನ್ನ ಅನ್ನವನ್ನು.

ನನ್ನ ವಾದಕ್ಕೆ ಒಂದು ಬಲವಾದ ಆಕ್ಷೇಪಣೆಯಿದೆ. ಈಗಿನ ಡಿಜಿಟಲ್ ಮಿಕ್ಸರುಗಳಲ್ಲಿ ಈ ಕಷ್ಟಗಳಿಲ್ಲವಲ್ಲ ಎಂದು ನಮ್ಮ ಕೀಬೋರ್ಡ್ ವಾದಕ ಮಿತ್ರ ಕೇಳುತ್ತಾನೆ. ಮಾತು ನಿಜ. ಬೆರಿಂಜರ್ ಕಂಪನಿಯವರು 2012ರಲ್ಲಿ ತಂದ ಎಕ್ಸ್32ನಲ್ಲಿ 32 ಮಾರ್ಗಗಳಿದ್ದು, ಪ್ರತಿಯೊಂದಕ್ಕೂ ಅದರದೇ ಕಂಪ್ರೆಸರ್ ಇದೆ. ಜೊತೆಗೆ ಎಂಟು ಎಫೆಕ್ಟುಗಳು ಒಟ್ಟಿಗೇ ನಡೆಯುತ್ತವೆ. ಅಂಥ ಮಿಕ್ಸರು ಇರುವಲ್ಲಿ, ಅದನ್ನು ಬಲ್ಲ ತಂತ್ರಜ್ಞ ಇರುವಲ್ಲಿ, ನನ್ನ ಎರಡನೆಯ ಕಾರಣ ಬಿದ್ದುಹೋಗುತ್ತದೆಂದು ಒಪ್ಪುತ್ತೇನೆ. ಅಲ್ಲಿ ನಾನೂ ಕಂಪ್ರೆಸರನ್ನು ಚೀಲದಿಂದ ತೆಗೆಯಲಾರೆ. ಆದರೆ ಮೂರನೆಯ ಕಾರಣ ಅಲ್ಲಿಯೂ ನಿಂತೇ ಇರುತ್ತದೆ. ಎಂಥ ದೊಡ್ಡ ಮಿಕ್ಸರಿಗಾದರೂ ಗಿಟಾರು ಹೋಗುವ ಬಾಗಿಲು ಸರಿಯಿರಬೇಕು. ಅಲ್ಲದೆ, ನಾಳೆ ಯಾವ ಊರಿನಲ್ಲಿ ಯಾವ ಮಿಕ್ಸರು ಇರುವುದೆಂದು ಬಲ್ಲವರಾರು? ಬಾಡಿಗೆಯ ಮಿಕ್ಸರು ಬದಲಾಗುತ್ತದೆ. ಬಾಡಿಗೆಗೆ ನುಡಿಸುವವನ ಹೊಟ್ಟೆ ಬದಲಾಗುವುದಿಲ್ಲ.

ಕೊನೆಯದಾಗಿ ಸಾಂಸ್ಕೃತಿಕ ಸಮಿತಿಯವರಲ್ಲಿ ನನ್ನ ವಿನಂತಿ. ಎಫೆಕ್ಟುಗಳ ಸಂಖ್ಯೆಗೆ ಮರುಳಾಗಿ ಮಿಕ್ಸರನ್ನು ಆರಿಸಬೇಡಿ. ಅವುಗಳಲ್ಲಿ ಗಾಯಕರಿಗೆ ಬೇಕಾಗುವುವು ಎರಡೋ ಮೂರೋ. ಸಾಕಷ್ಟು ಮೈಕು ಮಾರ್ಗಗಳು, 48 ವೋಲ್ಟಿನ ಸೌಕರ್ಯ, ನಿರೂಪಕರು ಮಾತನಾಡುವಾಗ ಎಕೋ ನಿಲ್ಲಿಸಲು ಒಂದು ಸ್ವಿಚ್ಚು ಇವಿಷ್ಟಿರುವ ಸಾದಾ ಮಿಕ್ಸರು ನಮಗೆ ಸಾಕು. ಉಳಿದ ಹಣದಲ್ಲಿ ಎರಡು ಡಿ. ಐ. ಪೆಟ್ಟಿಗೆಗಳನ್ನೂ ನಾಲ್ಕು ಒಳ್ಳೆಯ ಕೇಬಲುಗಳನ್ನೂ ಕೊಳ್ಳಿ. ಅವು ಬೇಸಿಗೆ ಮಾತ್ರವಲ್ಲ, ಕೀಬೋರ್ಡಿಗೂ, ಪಿಕಪ್ ಹಚ್ಚಿದ ವೀಣೆಗೂ ಆಗುತ್ತವೆ. ಮುಂದಿನ ವರ್ಷ ನಾನು ಇಲ್ಲಿ ಇರುವುದಿಲ್ಲ. ಆದರೆ ಗಿಟಾರು ಕೊಳ್ಳುವಷ್ಟು ಮಾತ್ರ ದುಡ್ಡಿರುವ ಇನ್ನೊಬ್ಬ ಹುಡುಗನೋ ಹುಡುಗಿಯೋ ಪ್ರಥಮ ವರ್ಷಕ್ಕೆ ಬಂದೇ ಬರುತ್ತಾರೆ. ಕಾಲೇಜಿನ ದಿನಾಚರಣೆಯಲ್ಲಿ ಅವರು ನುಡಿಸಿದ್ದು ಸಭೆಯ ಹಿಂದಿನ ಸಾಲಿಗೂ ಸ್ಪಷ್ಟವಾಗಿ ಕೇಳಿಸಲಿ ಎಂಬುದೇ ನನ್ನ ಆಸೆ.

ನಾನು ಹೇಳಿದುದರಲ್ಲಿ ತಪ್ಪಿದ್ದರೆ ಭೌತಶಾಸ್ತ್ರ ಬಲ್ಲ ಗುರುಗಳೂ, ಸಂಗೀತ ಬಲ್ಲ ಮಿತ್ರರೂ ತಿದ್ದಬೇಕಾಗಿ ಪ್ರಾರ್ಥನೆ.

— ಅಂತಿಮ ಬಿ. ಎ. ವಿದ್ಯಾರ್ಥಿ